ಬೋರನಕಣಿವೆಗೆ ಪಯಣದ ಸಿದ್ಧತೆ

ಪ್ರವಾಸವೆಂದರೆ ವಿದ್ಯಾರ್ಥಿಗಳಿಗೆ ಎಲ್ಲಿಲ್ಲದ ಉತ್ಸಾಹ. ತುರುವೇಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದಸರಾ ರಜೆ ಮುಗಿದು ತರಗತಿಗಳು ಆರಂಭವಾದ ಕೂಡಲೇ ಒಂಬತ್ತನೆಯ ತರಗತಿಯವರ ಬಾಯಲ್ಲಿ ಅದೇ ಮಾತು. ಮೈಸೂರಿನ ಮೃಗಾಲಯವೆಂದು ಕೆಲವರು, ಬೆಂಗಳೂರಿನ ತಾರಾಲಯವೆಂದು ಕೆಲವರು, ಜೋಗದ ಜಲಪಾತವೆಂದು ಮತ್ತೆ ಕೆಲವರು ವಾದಿಸುತ್ತಿದ್ದರು. ವಿಜ್ಞಾನದ ಉಪಾಧ್ಯಾಯರು ಎಲ್ಲರ ಮಾತನ್ನೂ ಕೇಳಿ, ಕರಿಹಲಗೆಯ ಮೇಲೆ ಒಂದೇ ಒಂದು ಹೆಸರನ್ನು ಬರೆದರು: ಬೋರನಕಣಿವೆ.

ತರಗತಿಯಲ್ಲಿ ನಿರಾಸೆಯ ಗುಜುಗುಜು ಎದ್ದಿತು. "ಸಾರ್, ಅದು ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿ ನೋಡುವುದಕ್ಕೆ ಏನಿದೆ?" ಎಂದು ತರಗತಿಯ ನಾಯಕ ಕೇಳಿಯೇಬಿಟ್ಟ.

"ನೋಡುವುದಕ್ಕೆ ಏನಿದೆ ಎಂಬುದು ನೋಡುವವರ ಬಳಿ ಯಾವ ಪ್ರಶ್ನೆ ಇದೆ ಎಂಬುದನ್ನು ಅವಲಂಬಿಸಿದೆ. ಮೂರು ದಿನ, ಎರಡು ರಾತ್ರಿ ಅಲ್ಲೇ ತಂಗಿ, ಬಯಲಿನಲ್ಲಿ ವಿಜ್ಞಾನ ಕಲಿಯೋಣ. ಆದರೆ ಹೊರಡುವ ಮೊದಲು ಪ್ರಶ್ನೆಗಳು ಸಿದ್ಧವಾಗಬೇಕು" ಎಂದರು ಉಪಾಧ್ಯಾಯರು.

ಇಂತಹ ಶಿಬಿರಗಳು ಕನ್ನಡ ನಾಡಿಗೆ ಹೊಸವಲ್ಲ. ಸಸ್ಯಶಾಸ್ತ್ರಜ್ಞರಾದ ಬಿ. ಜಿ. ಎಲ್. ಸ್ವಾಮಿಯವರು ತಮ್ಮ ವಿದ್ಯಾರ್ಥಿಗಳೊಡನೆ ಕಾಡುಮೇಡುಗಳನ್ನು ಅಲೆದು ಗಿಡಮರಗಳನ್ನು ಪರಿಚಯಿಸಿದ ಅನುಭವವೇ 'ಹಸುರು ಹೊನ್ನು' ಎಂಬ ಗ್ರಂಥವಾಯಿತು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಕರ್ನಾಟಕದ ಅರಣ್ಯ ಇಲಾಖೆಯೂ 'ಚಿಣ್ಣರ ವನ ದರ್ಶನ' ಎಂಬ ಕಾರ್ಯಕ್ರಮದಡಿಯಲ್ಲಿ ಸರ್ಕಾರಿ ಶಾಲೆಗಳ ಮಕ್ಕಳನ್ನು ಕಾಡಿಗೆ ಕರೆದೊಯ್ದು, ಅಲ್ಲೇ ತಂಗಿಸಿ, ಪ್ರಕೃತಿಯನ್ನು ಕಣ್ಣಾರೆ ಕಾಣಿಸಿದೆ. ಗೋಡೆಗಳ ನಡುವೆ ಓದಿದ ಪಾಠವು ಬಯಲಿನಲ್ಲಿ ಜೀವ ತಳೆಯುತ್ತದೆಂಬುದೇ ಇವುಗಳ ಹಿಂದಿರುವ ನಂಬಿಕೆ.

ಬೋರನಕಣಿವೆಯು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿದೆ. ಗುಡ್ಡಗಳ ನಡುವೆ ಹಾದುಹೋಗುವ ಸುವರ್ಣಮುಖಿ ನದಿಗೆ ಅಡ್ಡಲಾಗಿ, ಮೈಸೂರು ಅರಸರ ಆಳ್ವಿಕೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಲ್ಲಿ ಜಲಾಶಯವನ್ನು ಕಟ್ಟಲಾಯಿತು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಭೀಕರ ಕ್ಷಾಮವು ಕಾಡಿತ್ತು. ಜನ, ದನ ಲೆಕ್ಕವಿಲ್ಲದಷ್ಟು ಅಳಿದಿದ್ದವು. ಹರಿದುಹೋಗುವ ನೀರನ್ನು ಹಿಡಿದು ನಿಲ್ಲಿಸದೆ ಬಯಲುಸೀಮೆಗೆ ಉಳಿವಿಲ್ಲವೆಂಬ ಪಾಠವನ್ನು ಆ ಕ್ಷಾಮವು ಕಲಿಸಿತು. ಇದೇ ಸೀಮೆಯ ಉತ್ತರಕ್ಕೆ, ಹಿರಿಯೂರಿನ ಬಳಿ, ವೇದಾವತಿ ನದಿಗೆ ಕಟ್ಟಿದ ಮಾರಿಕಣಿವೆಯ ವಾಣಿವಿಲಾಸ ಸಾಗರವು 1907ರಲ್ಲಿ ಪೂರ್ಣಗೊಂಡಿತು. ಬೋರನಕಣಿವೆಯ ಸುವರ್ಣಮುಖಿಯು ಮುಂದೆ ಹರಿದು ವೇದಾವತಿಯನ್ನೇ ಕೂಡುತ್ತದೆ.

ಮರುದಿನ ಉಪಾಧ್ಯಾಯರು ಜಿಲ್ಲೆಯ ನಕಾಶೆಯನ್ನು ಗೋಡೆಗೆ ತೂಗುಹಾಕಿ, ಹಳ್ಳಹೊಳೆಗಳು ಯಾವ ದಿಕ್ಕಿಗೆ ಹರಿಯುತ್ತವೆಂಬುದನ್ನು ಬಾಣದ ಗುರುತುಗಳಿಂದ ತೋರಿಸುವಂತೆ ವಿದ್ಯಾರ್ಥಿಗಳಿಗೆ ಹೇಳಿದರು. ಅರ್ಧ ಗಂಟೆಯಲ್ಲಿ ಅಚ್ಚರಿಯ ಸಂಗತಿಯೊಂದು ಹೊರಬಿದ್ದಿತು. ತುರುವೇಕೆರೆಯ ಕಡೆಯ ಬಾಣಗಳು ಶಿಂಷಾ ನದಿಯತ್ತ ತಿರುಗಿದ್ದವು. ಶಿಂಷೆಯು ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಬೋರನಕಣಿವೆಯ ಬಾಣಗಳಾದರೋ ಉತ್ತರಕ್ಕೆ ತಿರುಗಿದ್ದವು. ಸುವರ್ಣಮುಖಿಯ ನೀರು ವೇದಾವತಿಗೆ, ವೇದಾವತಿಯ ನೀರು ತುಂಗಭದ್ರೆಗೆ, ತುಂಗಭದ್ರೆಯ ನೀರು ಕೃಷ್ಣೆಗೆ! ಶಾಲೆಯ ಹೆಂಚಿನ ಮೇಲೆ ಬಿದ್ದ ಹನಿಯು ತಮಿಳುನಾಡಿನ ಕಡಲತೀರದ ದಾರಿ ಹಿಡಿದರೆ, ಅದೇ ಮೋಡದಿಂದ ಬೋರನಕಣಿವೆಯಲ್ಲಿ ಬಿದ್ದ ಹನಿಯು ಆಂಧ್ರದ ಕಡಲತೀರದ ದಾರಿ ಹಿಡಿಯುತ್ತದೆ. ಎರಡೂ ಸೇರುವುದು ಬಂಗಾಳ ಕೊಲ್ಲಿಯನ್ನೇ. ಆದರೆ ಎರಡರ ನಡುವೆ ಕಣ್ಣಿಗೆ ಕಾಣದ ಒಂದು ದಿಬ್ಬವಿದೆ. ಅದಕ್ಕೆ ಜಲವಿಭಾಜಕವೆಂದು ಹೆಸರು.

"ಹಾಗಾದರೆ ಕಿಬ್ಬನಹಳ್ಳಿ ಕ್ರಾಸ್ ದಾಟಿ ಹೋಗುವ ಬಸ್ಸು ದಾರಿಯಲ್ಲಿ ಎಲ್ಲೋ ಒಂದು ಕಡೆ ಕಾವೇರಿಯ ಸೀಮೆಯನ್ನು ಬಿಟ್ಟು ಕೃಷ್ಣೆಯ ಸೀಮೆಗೆ ಕಾಲಿಡುತ್ತದೆ, ಅಲ್ಲವೆ ಸಾರ್?" ಎಂದ ನಾಯಕ. ಮೈಸೂರಿನ ಮಾತು ಅವನಿಗೆ ಮರೆತೇಹೋಗಿತ್ತು.

ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ, ಎಂದೂ ಹೆಚ್ಚು ಮಾತನಾಡದ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ನಮ್ಮ ತಾತ ತೋಡಿಸಿದ ಬಾವಿಯಲ್ಲಿ ಮೊದಲೆಲ್ಲ ಬೇಸಗೆಯಲ್ಲೂ ಕಪಿಲೆ ಹೊಡೆಯುತ್ತಿದ್ದರಂತೆ. ಈಗ ಮಳೆಗಾಲ ಕಳೆದು ನಾಲ್ಕು ತಿಂಗಳಿಗೆ ಬತ್ತಿಹೋಗುತ್ತದೆ. ಆ ನೀರು ಎಲ್ಲಿಗೆ ಹೋಯಿತು?" ಎಂದು ಕೇಳಿ ಥಟ್ಟನೆ ಕುಳಿತುಬಿಟ್ಟಳು.

ತರಗತಿಯು ನಿಶ್ಶಬ್ದವಾಯಿತು. ಅದು ಆ ಸೀಮೆಯ ಪ್ರತಿಯೊಂದು ಮನೆಯ ಪ್ರಶ್ನೆಯಾಗಿತ್ತು. 2010ರ ದಶಕದ ಬರಗಾಲದ ವರ್ಷಗಳಲ್ಲಿ ತೆಂಗಿನ ಮರಗಳ ಸುಳಿ ಒಣಗಿದ್ದನ್ನೂ, ಒಂದರ ಮೇಲೊಂದು ಕೊಳವೆಬಾವಿ ಕೊರೆಸಿ ಸಾಲದಲ್ಲಿ ಬಿದ್ದುದನ್ನೂ ಹಿರಿಯರು ಹೇಳದ ಮನೆ ಅಲ್ಲಿರಲಿಲ್ಲ. ಉಪಾಧ್ಯಾಯರು ಆ ಪ್ರಶ್ನೆಯನ್ನು ಕರಿಹಲಗೆಯ ಮೇಲ್ತುದಿಯಲ್ಲಿ ಬರೆದು ಕೆಳಗೆ ಗೆರೆ ಎಳೆದರು. "ಇದೇ ನಮ್ಮ ಶಿಬಿರದ ಪ್ರಶ್ನೆ" ಎಂದರು. ವಾರ ಕಳೆಯುವುದರೊಳಗೆ ಅದರ ಕೆಳಗೆ ಇನ್ನೂ ಹತ್ತಾರು ಪ್ರಶ್ನೆಗಳು ಸೇರಿದವು. ಕಟ್ಟಿದ ಕೆರೆಯಿಂದ ಸುತ್ತಲಿನ ಬಾವಿಗಳಿಗೆ ನೀರು ಬರುವುದೆ? ಬಿಸಿಲಿಗೆ ಎಷ್ಟು ನೀರು ಆವಿಯಾಗುತ್ತದೆ? ಚಳಿಗಾಲದಲ್ಲಿ ಹಕ್ಕಿಗಳು ಎಲ್ಲಿಂದ ಬರುತ್ತವೆ? ನೋಡಬೇಕಾದ ಸ್ಥಳಗಳ ಪಟ್ಟಿಗೆ ಬದಲಾಗಿ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯೊಂದು ಹೀಗೆ ಸಿದ್ಧವಾಯಿತು.

ಇನ್ನು ದಿನವನ್ನು ಗೊತ್ತುಮಾಡಬೇಕಾಗಿತ್ತು. ಇದು ಸುಲಭದ ಕೆಲಸವೆಂದು ಎಲ್ಲರೂ ಭಾವಿಸಿದ್ದರು. ಆದರೆ ಅದಕ್ಕೂ ವಿಜ್ಞಾನವೇ ಬೇಕಾಯಿತು. ಹಿಂಗಾರು ಮಳೆ ನಿಂತಿರಬೇಕು. ಆದರೆ ಜಲಾಶಯದಲ್ಲಿ ನೀರಿರಬೇಕು. ವಲಸೆಯ ಹಕ್ಕಿಗಳು ಬಂದಿರಬೇಕು. ಹಿಮಾಲಯವನ್ನೇ ದಾಟಿ ಬರುವ ಪಟ್ಟೆತಲೆ ಹೆಬ್ಬಾತಿನಂತಹ ಹಕ್ಕಿಗಳು ಕರ್ನಾಟಕದ ಕೆರೆಗಳನ್ನು ಸೇರುವುದು ಚಳಿಗಾಲದ ಆರಂಭದಲ್ಲಿ. ರಾತ್ರಿ ನಕ್ಷತ್ರಗಳನ್ನು ಗುರುತಿಸಬೇಕಾದರೆ ಬೆಳುದಿಂಗಳು ಇರಕೂಡದು. ಪರೀಕ್ಷೆಗಳಿಗೂ ಅಡ್ಡಿಯಾಗಬಾರದು. ಪಂಚಾಂಗ, ಶಾಲೆಯ ವೇಳಾಪಟ್ಟಿ, ಮಳೆಯ ದಾಖಲೆ ಮೂರನ್ನೂ ಮುಂದಿಟ್ಟುಕೊಂಡು ವಿದ್ಯಾರ್ಥಿಗಳೇ ಲೆಕ್ಕ ಹಾಕಿದರು. ಡಿಸೆಂಬರ್ ತಿಂಗಳ ಅಮಾವಾಸ್ಯೆಯ ಆಸುಪಾಸಿನ ಮೂರು ದಿನಗಳು ಎಲ್ಲಕ್ಕೂ ಒಗ್ಗಿದವು.

ನವೆಂಬರ್ ತಿಂಗಳ ಒಂದು ಭಾನುವಾರ ಉಪಾಧ್ಯಾಯರೂ ಸಮಾಜವಿಜ್ಞಾನದ ಉಪಾಧ್ಯಾಯಿನಿಯವರೂ ಮುಂಚಿತವಾಗಿ ಬೋರನಕಣಿವೆಗೆ ಹೋಗಿಬಂದರು. ತಂಗುವುದಕ್ಕೆ ಸಮೀಪದ ಹಳ್ಳಿಯ ಶಾಲೆಯ ಕೊಠಡಿಗಳು ದೊರೆಯುವುವೆ, ಹೆಣ್ಣುಮಕ್ಕಳಿಗೆ ಬಾಗಿಲು ಭದ್ರವಾದ ಕೊಠಡಿಯೂ ಶೌಚಾಲಯವೂ ಇವೆಯೆ, ಕುಡಿಯುವ ನೀರು ಹೇಗಿದೆ, ಹತ್ತಿರದ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ ಎಂಬುದನ್ನೆಲ್ಲ ವಿಚಾರಿಸಿಕೊಂಡರು. ಉತ್ತರ ದಿಕ್ಕಿಗೆ ಗುಡ್ಡದ ಮರೆಯಿಲ್ಲದ ಒಂದು ಬಯಲನ್ನೂ ಗುರುತಿಸಿದರು. ಬೋರನಕಣಿವೆಯ ಅಕ್ಷಾಂಶ ಸುಮಾರು ಹದಿಮೂರೂವರೆ ಡಿಗ್ರಿ. ಆದುದರಿಂದ ಧ್ರುವನಕ್ಷತ್ರವು ಅಲ್ಲಿ ದಿಗಂತದಿಂದ ಅಷ್ಟೇ ಎತ್ತರದಲ್ಲಿರುತ್ತದೆ. ಕೈಯನ್ನು ಮುಂದೆ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ಎಂದ ಮೇಲೆ ಒಂದು ಮುಷ್ಟಿಗಿಂತ ತುಸು ಮೇಲೆ ಧ್ರುವನನ್ನು ಹುಡುಕಬೇಕು. ಒಂದು ಸಣ್ಣ ಗುಡ್ಡ ಅಡ್ಡವಿದ್ದರೂ ಸಾಕು, ಧ್ರುವ ಕಾಣನು!

ಇತ್ತ ಶಾಲೆಯಲ್ಲಿ ನಲವತ್ತೆರಡು ಮಂದಿ ವಿದ್ಯಾರ್ಥಿಗಳು ಏಳೇಳು ಜನರ ಆರು ತಂಡಗಳಾದರು. ನೀರು, ಮಣ್ಣು ಮತ್ತು ಕಲ್ಲು, ಗಿಡಮರ, ಹಕ್ಕಿ, ಆಕಾಶ ಇವುಗಳಿಗೆ ಒಂದೊಂದು ತಂಡ. ಆರನೆಯದು ಅಡುಗೆ ಮತ್ತು ಲೆಕ್ಕಪತ್ರದ ತಂಡ. ಅಡುಗೆಯ ತಂಡಕ್ಕೆ ಸೇರಲು ಮೊದಲು ಯಾರೂ ಒಪ್ಪಲಿಲ್ಲ. ಒಂದು ಮುದ್ದೆಗೆ ಎಷ್ಟು ಹಿಟ್ಟು, ಎಷ್ಟು ನೀರು, ಐವತ್ತು ಜನರಿಗೆ ಎಷ್ಟು ಸೌದೆ, ಉಳಿದ ಎಂಜಲಿನಿಂದ ಗೊಬ್ಬರ ಹೇಗೆ ಎಂಬುದೂ ಅಳತೆಯ ವಿಜ್ಞಾನವೇ ಎಂದು ಉಪಾಧ್ಯಾಯರು ತಿಳಿಸಿದ ಮೇಲೆ, ತಂಡಗಳು ಸರದಿಯಂತೆ ಆ ಕೆಲಸ ಮಾಡುವುದೆಂದು ತೀರ್ಮಾನವಾಯಿತು.

ಉಪಕರಣಗಳನ್ನು ಕೊಳ್ಳಲಿಲ್ಲ, ತಯಾರಿಸಿದರು. ನೀರಿನ ತಿಳಿತನವನ್ನು ಅಳೆಯಲು ಇಟಲಿಯ ಸೆಕ್ಕಿ ಎಂಬ ವಿದ್ವಾಂಸನು 1865ರಲ್ಲಿ ಬಿಳಿಯ ತಟ್ಟೆಯೊಂದನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳವನ್ನು ಗುರುತಿಸಿದ್ದನು. ಮಕ್ಕಳು ಹಳೆಯ ಡಬ್ಬದ ಮುಚ್ಚಳಕ್ಕೆ ಕಪ್ಪು ಬಿಳಿ ಬಣ್ಣ ಬಳಿದು ಅಂತಹುದೇ ತಟ್ಟೆಯನ್ನು ಮಾಡಿಕೊಂಡರು. ಪ್ಲಾಸ್ಟಿಕ್ ಶೀಸೆಯನ್ನು ಕತ್ತರಿಸಿ ಮಳೆಮಾಪಕವನ್ನು ಮಾಡಿದರು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 20 ಮೀಟರ್ ಉದ್ದ, 8 ಮೀಟರ್ ಅಗಲದ ಶಾಲೆಯ ಚಾವಣಿಯ ಮೇಲೆ 25 ಮಿಲಿಮೀಟರಿನ ಒಂದು ಮಳೆ ಬಿದ್ದರೆ 4,000 ಲೀಟರ್! ಬೇಸಗೆಯಲ್ಲಿ ತೆಂಗಿನ ಮರವೊಂದಕ್ಕೆ ದಿನಕ್ಕೆ 50 ಲೀಟರ್ ನೀರುಣಿಸುವುದೆಂದು ಹಿಡಿದರೆ, ಎಪ್ಪತ್ತು ಮರಗಳ ಒಂದು ಎಕರೆ ತೋಟಕ್ಕೆ ಬೇಕಾಗುವುದು 3,500 ಲೀಟರ್. ಶಾಲೆಯ ಚಾವಣಿಯ ಒಂದು ಮಳೆಯು ಒಂದು ಎಕರೆ ತೋಟದ ಒಂದು ದಿನದ ದಾಹವನ್ನು ತಣಿಸಬಲ್ಲದೆಂಬುದನ್ನು ಕಂಡು ಮಕ್ಕಳು ಬೆರಗಾದರು. ಜಲಾಶಯದ ನೀರಿನ ಮಟ್ಟವು ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ಇಳಿದರೆ, ಒಂದು ಹೆಕ್ಟೇರ್ ನೀರಿನಿಂದ ಆವಿಯಾಗಿ ಹೋಗುವುದು 50,000 ಲೀಟರ್. ಅಂದರೆ ಹದಿನಾಲ್ಕು ಎಕರೆ ತೋಟದ ಪಾಲು. ನೀರು ಕದ್ದುಹೋಗುವ ದಾರಿ ಭೂಮಿಯೊಳಗೆ ಮಾತ್ರವಲ್ಲ, ಆಕಾಶದಲ್ಲಿಯೂ ಇದೆಯೆಂಬುದು ಅಂದು ತಿಳಿಯಿತು.

ಬಾವಿಯ ಪ್ರಶ್ನೆ ಕೇಳಿದ ಹುಡುಗಿಗೆ ಬೇರೆಯೇ ಒಂದು ಕೆಲಸ ದೊರೆಯಿತು. ಹಗ್ಗದ ತುದಿಗೆ ಕಲ್ಲು ಕಟ್ಟಿ, ಮೊಳಕ್ಕೊಂದು ಗಂಟು ಹಾಕಿ, ಕಟ್ಟೆಯ ಮೇಲಿನಿಂದ ನೀರಿನ ಮಟ್ಟ ಎಷ್ಟು ಕೆಳಗಿದೆಯೆಂದು ದಿನವೂ ಅಳೆದು ಬರೆಯಬೇಕು. ಬೋರನಕಣಿವೆಯ ಸುತ್ತಲಿನ ಬಾವಿಗಳನ್ನೂ ಶಿಬಿರದಲ್ಲಿ ಹೀಗೆಯೇ ಅಳೆಯುವುದು. ಜಲಾಶಯದ ಹತ್ತಿರದ ಬಾವಿಗೂ ದೂರದ ಬಾವಿಗೂ ವ್ಯತ್ಯಾಸವಿದೆಯೆ ಎಂದು ಹೋಲಿಸುವುದು. ಈ ಸೀಮೆಯ ಅಡಿಪಾಯ ಗಟ್ಟಿಯಾದ ಪುರಾತನ ಶಿಲೆ. ಅದರ ಮೇಲಿನ ಶಿಥಿಲವಾದ ಪದರದಲ್ಲಿಯೂ ಬಿರುಕುಗಳಲ್ಲಿಯೂ ಮಾತ್ರ ನೀರು ನಿಲ್ಲುತ್ತದೆ. ಇಂಗುವುದಕ್ಕಿಂತ ಹೆಚ್ಚು ನೀರನ್ನು ಎತ್ತಿದರೆ ಮೊದಲು ಬತ್ತುವುದು ತೆರೆದ ಬಾವಿಯೇ. ಇಷ್ಟನ್ನು ಪುಸ್ತಕವು ಹೇಳುತ್ತದೆ. ತಮ್ಮ ಊರಿನ ಬಾವಿಯ ಕಥೆಯನ್ನು ಹಗ್ಗದ ಗಂಟುಗಳೇ ಹೇಳಬೇಕು.

ಸಿದ್ಧತೆಯಲ್ಲಿ ಅತ್ಯಂತ ಗಂಭೀರವಾದ ಭಾಗವೆಂದರೆ ಸುರಕ್ಷತೆ. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದ ಸುದ್ದಿಯು ನಾಡನ್ನೇ ಮರುಗಿಸಿತ್ತು. ಮುಖ್ಯೋಪಾಧ್ಯಾಯರು ಅದನ್ನು ನೆನಪಿಸಿ, "ಒಂದು ಮಗುವಿನ ಜೀವಕ್ಕಿಂತ ದೊಡ್ಡದಾದ ಪಾಠ ಯಾವುದೂ ಇಲ್ಲ" ಎಂದರು. ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಲಾಯಿತು. ಯಾರೂ ನೀರಿಗೆ ಇಳಿಯಕೂಡದು. ಈಜು ಬಲ್ಲವರೂ ಇಳಿಯಕೂಡದು. ನೀರಿನ ಅಂಚಿನಿಂದ ಹತ್ತು ಹೆಜ್ಜೆ ಹಿಂದೆ ಸುಣ್ಣದ ಗೆರೆಯನ್ನು ಎಳೆಯಬೇಕು. ಅದನ್ನು ದಾಟಿ ನೀರಿನ ಮಾದರಿಯನ್ನು ತರುವವರು ಉಪಾಧ್ಯಾಯರೊಬ್ಬರೇ. ಇಬ್ಬಿಬ್ಬರು ಜೊತೆಗಾರರಾಗಿ ಇರಬೇಕು. ಗಂಟೆಗೊಮ್ಮೆ ಸೀಟಿ ಊದಿದಾಗ ತಲೆ ಎಣಿಕೆಯಾಗಬೇಕು. ಬಸ್ಸು ರಾತ್ರಿ ಸಂಚರಿಸಕೂಡದು. ಹಾವು ಕಚ್ಚಿದರೆ ಕೊಯ್ಯುವುದಾಗಲಿ, ಬಿಗಿದು ಕಟ್ಟುವುದಾಗಲಿ, ನಾಟಿ ಔಷಧಿಗಾಗಿ ಕಾಯುವುದಾಗಲಿ ಸಲ್ಲದು. 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ, ಪೋಷಕರ ಒಪ್ಪಿಗೆಯ ಪತ್ರ ಇವೆರಡೂ ಕೈಸೇರದೆ ಹೊರಡುವಂತಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಒಪ್ಪಿಗೆಯ ಪತ್ರಗಳನ್ನು ಎಣಿಸಿದಾಗ ಇದ್ದುದು ನಲವತ್ತೊಂದು. ಬಾವಿಯ ಪ್ರಶ್ನೆ ಕೇಳಿದ ಹುಡುಗಿಯ ಪತ್ರ ಬಂದಿರಲಿಲ್ಲ. ಕೇಳಿದರೆ, "ನನಗೆ ಬಸ್ಸಿನ ಪ್ರಯಾಣ ಒಗ್ಗುವುದಿಲ್ಲ ಸಾರ್" ಎಂದು ತಲೆ ತಗ್ಗಿಸಿದಳು. ಆಕೆಯ ತಂದೆ ಕಾಯಿ ಸುಲಿಯುವ ಕೂಲಿಯವರು. ಪ್ರವಾಸದ ವೆಚ್ಚವನ್ನು ಮೊದಲು ತಲೆಗೆ 600 ರೂಪಾಯಿ ಎಂದು ನಿಗದಿ ಮಾಡಲಾಗಿತ್ತು. ನಿಜವಾದ ಕಾರಣವನ್ನು ತಿಳಿಯಲು ಯಾರಿಗೂ ಕಷ್ಟವಾಗಲಿಲ್ಲ.

"ಪ್ರಶ್ನೆ ಕೇಳಿದವಳೇ ಬರದಿದ್ದರೆ ಉತ್ತರವನ್ನು ತಂದು ಯಾರಿಗೆ ಕೊಡುವುದು?" ಎಂದ ನಾಯಕ. ಲೆಕ್ಕಪತ್ರದ ತಂಡವು ಮತ್ತೆ ಕುಳಿತಿತು. ಒಟ್ಟು ವೆಚ್ಚ 25,200 ರೂಪಾಯಿ. ಅದರಲ್ಲಿ ಎಲ್ಲರಿಗೂ ಒಂದೇ ಬಣ್ಣದ ಟೀ ಷರ್ಟಿಗೆಂದು ಬರೆದಿದ್ದ 6,300 ರೂಪಾಯಿಗಳನ್ನು ಮೊದಲು ಹೊಡೆದುಹಾಕಿದರು. ರಾಗಿ, ಅವರೆ, ತೆಂಗಿನಕಾಯಿಗಳನ್ನು ಮನೆಗಳಿಂದಲೇ ತರುವುದೆಂದು ತೀರ್ಮಾನಿಸಿದಾಗ 4,200 ಉಳಿಯಿತು. ದೂರದರ್ಶಕದ ಬಾಡಿಗೆ 2,100ನ್ನು ತೆಗೆದರು; ಕೃತ್ತಿಕೆಯನ್ನೂ ರೋಹಿಣಿಯನ್ನೂ ಬರಿಗಣ್ಣಿನಿಂದಲೇ ಕಾಣಬಹುದಷ್ಟೆ. ಉಳಿದುದು 12,600, ತಲೆಗೆ 300 ರೂಪಾಯಿ. ಅದೂ ಕೆಲವರಿಗೆ ಹೊರೆಯೇ ಎಂಬುದನ್ನು ಅರಿತು ಮುಖ್ಯೋಪಾಧ್ಯಾಯರು ಒಂದು ಉಪಾಯ ಮಾಡಿದರು. ಎಲ್ಲರಿಗೂ ಒಂದೇ ಬಗೆಯ ಲಕೋಟೆಯನ್ನು ಕೊಟ್ಟು, ಹೆಸರು ಬರೆಯದೆ, ಆದಷ್ಟನ್ನು ಹಾಕಿ ಪೆಟ್ಟಿಗೆಯಲ್ಲಿ ಇಡುವಂತೆ ಹೇಳಿದರು. ಎಣಿಸಿದಾಗ 10,850 ರೂಪಾಯಿ ಇತ್ತು. ಕೊರತೆ ಬಿದ್ದ 1,750 ರೂಪಾಯಿಗಳನ್ನು ಶಾಲೆಯ ಆವರಣದ ತೆಂಗಿನ ಮರಗಳ ಕಾಯಿ ಮಾರಿ ತುಂಬಿಸಲಾಯಿತು. ಯಾರು ಎಷ್ಟು ಕೊಟ್ಟರೆಂಬುದು ಯಾರಿಗೂ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ.

ಆದರೂ ಪತ್ರ ಬರಲಿಲ್ಲ. ಬದಲಿಗೆ ಹುಡುಗಿಯ ಅಜ್ಜಿ ಶಾಲೆಗೆ ಬಂದರು. "ಮೇಷ್ಟ್ರೇ, ದುಡ್ಡಿನ ಮಾತು ಬಿಡಿ. ವಯಸ್ಸಿಗೆ ಬಂದ ಹೆಣ್ಣುಮಗಳನ್ನ ಎರಡು ರಾತ್ರಿ ಹೊರಗೆ ಹೆಂಗೆ ಕಳಿಸೋದು?" ಎಂದು ನೇರವಾಗಿ ಕೇಳಿದರು. ಮುಖ್ಯೋಪಾಧ್ಯಾಯರು ಅದನ್ನು ತಪ್ಪು ಮಾತೆಂದು ತಳ್ಳಿಹಾಕಲಿಲ್ಲ. ಅಜ್ಜಿಯನ್ನು ಕುಳ್ಳಿರಿಸಿ, ಹೆಣ್ಣುಮಕ್ಕಳು ಮಲಗುವ ಕೊಠಡಿ ಯಾವುದು, ಅವರೊಡನೆ ಇರುವ ಇಬ್ಬರು ಉಪಾಧ್ಯಾಯಿನಿಯರು ಯಾರು, ಊರಿನವರೇ ಆದ ಬಿಸಿಯೂಟದ ಅಡುಗೆಯವರೂ ಜೊತೆಗೆ ಬರುವರೆಂಬುದು, ಪ್ರತಿ ಸಂಜೆ ಮನೆಗೆ ಫೋನ್ ಬರುವುದೆಂಬುದು ಎಲ್ಲವನ್ನೂ ವಿವರಿಸಿದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದ್ಸರಿ, ಆ ಮೂರು ದಿವ್ಸ ಬಾವಿ ಅಳೆಯೋರು ಯಾರು?" ಎಂದು ಕೇಳಿದರು. ದಿನವೂ ಮೊಮ್ಮಗಳು ಹಗ್ಗ ಇಳಿಬಿಡುವುದನ್ನು ಅವರು ನೋಡುತ್ತಲೇ ಇದ್ದರು.

"ನೀವೇ ಅಳೆಯಬೇಕಮ್ಮಾ" ಎಂದರು ಮುಖ್ಯೋಪಾಧ್ಯಾಯರು. ಅಜ್ಜಿ ನಕ್ಕು, ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು.

ಹೊರಡುವ ದಿನ ಬೆಳಗಿನ ಮಬ್ಬಿನಲ್ಲಿ ಬಸ್ಸು ಶಾಲೆಯ ಮುಂದೆ ನಿಂತಿತ್ತು. ರಾಗಿಹಿಟ್ಟಿನ ಚೀಲಗಳು, ತೆಂಗಿನಕಾಯಿಯ ಮೂಟೆ, ಕಪ್ಪು ಬಿಳಿಯ ತಟ್ಟೆ, ಹಗ್ಗಗಳು, ನಕಾಶೆ ಎಲ್ಲವೂ ಒಳಗೆ ಸೇರಿದವು. ತಲೆ ಎಣಿಕೆಯಲ್ಲಿ ನಲವತ್ತೆರಡೂ ಸರಿಹೋಯಿತು. ಬಸ್ಸು ಇನ್ನೇನು ಚಲಿಸಬೇಕು ಎನ್ನುವಷ್ಟರಲ್ಲಿ ಅಜ್ಜಿ ಕಿಟಕಿಯ ಬಳಿಗೆ ಬಂದು, "ಇವತ್ತಿಂದು ಅಳೆದಿವ್ನಿ. ಹನ್ನೊಂದು ಮೊಳ, ಒಂದು ಗೇಣು. ಬರಕೋ ಮಗಾ" ಎಂದರು. ಹುಡುಗಿಯು ಪುಸ್ತಕವನ್ನು ತೆರೆದು, ದಿನಾಂಕವನ್ನು ಹಾಕಿ, ಅದನ್ನು ಬರೆದುಕೊಂಡಳು.

ಬಸ್ಸು ಹೊರಟಿತು. ಕಿಬ್ಬನಹಳ್ಳಿ ಕ್ರಾಸ್ ದಾಟಿದ ಮೇಲೆ ಎಲ್ಲರ ಕಣ್ಣೂ ರಸ್ತೆಯ ಬದಿಯ ಹಳ್ಳಗಳ ಮೇಲಿತ್ತು. ಕಾವೇರಿಯ ಸೀಮೆ ಮುಗಿದು ಕೃಷ್ಣೆಯ ಸೀಮೆ ತೊಡಗುವ ದಿಬ್ಬವನ್ನು ಮೊದಲು ಗುರುತಿಸುವವರು ತಾವೇ ಆಗಬೇಕೆಂದು ಆರು ತಂಡಗಳೂ ಕಾದು ಕುಳಿತಿದ್ದವು. ಶಿಬಿರವು ಇನ್ನೂ ಆರಂಭವಾಗಿರಲಿಲ್ಲ. ಆದರೆ ಕಲಿಕೆಯು ಆರಂಭವಾಗಿ ಎಷ್ಟೋ ದಿನಗಳಾಗಿದ್ದವು.